ತಂಬಿಗೆಯ ನೆರಳು

"ಟೀಚರ್ ಬಂದಾರ, ದಾರಿ ಬಿಡ್ರಿ," ಎಂದು ಯಾರೋ ಅಂದಾಗ ವರದಾ ಒಂದು ಕಾಲಿನ ಚಪ್ಪಲಿ ಇನ್ನೂ ಬಿಚ್ಚಿರಲಿಲ್ಲ. ಬನಹಟ್ಟಿಯ ಆ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಒಳಗೆ ತೀರಿಕೊಂಡ ಹೊಳಬಸಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಅವಳ ರವಿವಾರದ ಚಿತ್ರಕಲೆ ತರಗತಿಯಲ್ಲಿ ಮಕ್ಕಳ ನಡುವೆಯೂ ಮುದುಕ ಹೀಗೆಯೇ ಗೋಡೆ ಹುಡುಕಿಕೊಂಡು ಕೂರುತ್ತಿದ್ದ.

"ಮಗ್ಗ ಬಿಟ್ಟಮ್ಯಾಲ ನಮ್ಮಣ್ಣಗ ಇದೊಂದು ಚಿತ್ರದ ಚಟ ಹತ್ತಿತ್ತ ನೋಡ್ರಿ," ತಮ್ಮ ಗೂಳಪ್ಪ ಅಂದ. "ತಂಬಿಗಿ ಎದುರಿಗಿಟಗೊಂಡು ಕುಂತನಂದ್ರ ಮುಗೀತು. ನೀರ ಕುಡಿಯಾಕ ಕೇಳಿದ್ರ ಬೈತಿದ್ದ."

"ತಂಬಿಗಿನೂ ಇಂವನ್ನ ನೋಡಿ ನೋಡಿ ಬ್ಯಾಸತ್ತಿತ್ತು ಬಿಡು," ಎಂದ ಪಕ್ಕದವನು.

ನಕ್ಕರು. ಎದುರಿಗೆ ಹೆಣ ಇರುವುದು ನೆನಪಾಗಿ ಸುಮ್ಮನಾದರು. ವರದಾ ನಗಲಿಲ್ಲ.

*

ದೀಪಾವಳಿ ಮುಗಿದ ಮೇಲಿನ ಒಂದು ರವಿವಾರ. ಹೊಳಬಸಪ್ಪ ಪೆನ್ಸಿಲಿನಲ್ಲಿ ಬಿಡಿಸಿದ್ದ ತಂಬಿಗೆಯ ನೆರಳಿನ ತುಂಬ ಉದ್ದಗೆರೆ, ಅಡ್ಡಗೆರೆ. ಹಾಸು ಹೊಕ್ಕು ನೆಯ್ದ ಬಟ್ಟೆಯಂತೆ ಸಪಾಟು. ಗೆರೆ ತಂಬಿಗೆಯ ಉಬ್ಬನ್ನು ಸುತ್ತಿಕೊಂಡು ಬಾಗಿ ಹೋಗಬೇಕೆಂದು ವರದಾ ಎಷ್ಟೋ ಸಲ ಹೇಳಿದ್ದಳು. ಅವತ್ತು ತಾಳ್ಮೆ ತಪ್ಪಿತು.

"ಇದು ಚಿತ್ರ ಅಲ್ರಿ, ನೇಯ್ಗಿ. ತಂಬಿಗಿಗೆ ಸೀರಿ ಉಡಿಸೀರಿ."

ಮಕ್ಕಳು ಗೊಳ್ಳೆಂದರು. ಹೊಳಬಸಪ್ಪನೂ ನಕ್ಕ. "ಜಲ್ಮೆಲ್ಲ ಕೈ ಅದನ್ನ ಮಾಡೇತ್ರೀ ಅಕ್ಕಾರ," ಎಂದು ಹಾಳೆ ಸುತ್ತಿಕೊಂಡು ಹೋದವನು ಮತ್ತೆ ಬರಲಿಲ್ಲ. ಅವಳು ಹೇಳಿಕಳಿಸಲೂ ಇಲ್ಲ.

*

ಹೊಳಬಸಪ್ಪನ ಹೆಂಡತಿ ತಾರವ್ವ ಒಳಗಿನಿಂದ ಒಂದು ಹಾಳೆ ತಂದು ವರದಾಳ ತೊಡೆಯ ಮೇಲಿಟ್ಟಳು.

"ಮೊನ್ನೆ ಮುಗಿಸಿದ್ರು. ಬರೋಬ್ಬರಿ ಆಗೂತನಕ ಕ್ಲಾಸಿಗೆ ಹೋಗಾಂಗಿಲ್ಲ, ಮತ್ತ ನಗತಾರ ಅಂತಿದ್ರು. ಹೆಂಗ ಐತಿ ಹೇಳ್ರಿ."

"ಛಲೋ ಅದರಿ."

"ನೀವು ನೋಡೇ ಇಲ್ಲ." ತಾರವ್ವನ ದನಿ ಗಡುಸಾಯಿತು. "ಮಂದಿ ಎಲ್ಲ ಹುಚ್ಚ ಅಂದ್ರು. ನಾನೂ ಅಂದೆ. ಇವರು ಖರೇನ ಕಲಿಯಾಕತ್ತಿದ್ರೋ, ಬರೇ ಹೊತ್ತ ಕಳಿಯಾಕತ್ತಿದ್ರೋ? ಮಣ್ಣಿಗೆ ಒಯ್ಯೂದ್ರಾಗ ನನಗ ಗೊತ್ತಾಗಬೇಕ್ರಿ."

"ವೈನಿ, ಹೊತ್ತಾತು," ಎಂದ ಗೂಳಪ್ಪ.

"ತಡಿಯೋ."

ವರದಾ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದಳು. ಸುಳ್ಳು ಹೇಳಿದರೆ ಈಕೆಗೆ ತಿಳಿಯುತ್ತದೆ.

"ನೆಲದ ನೆರಳು ತೆಳು ಆಗ್ಯದ," ಕಡೆಗೂ ಅಂದಳು. "ಅದಕ್ಕ ತಂಬಿಗಿ ಗಾಳ್ಯಾಗ ನಿಂತಂಗ ಕಾಣತದ. ಬಾಯಿ ಸೊಟ್ಟ ಅದ."

"ಅಯ್ಯ, ಈಗೇನ್ರಿ ಇದು," ಎಂದು ಯಾರೋ ಗೊಣಗಿದರು.

"ಕೊರಳ ಹತ್ತರ ಗೆರಿ ಹಳೇ ಚಾಳಿಗೇ ಬಿದ್ದಾವ. ನೇಯ್ದಂಗ. ಆದ್ರ ಹೊಟ್ಟಿ ಮ್ಯಾಲ..."

ಬೆರಳು ಅಲ್ಲಿ ನಿಂತಿತು. ಅಳಿಸಿ ಅಳಿಸಿ ಕಾಗದ ಸವೆದು ಜುಂಗೆದ್ದಿತ್ತು. ಅದರ ಮೇಲೆ ಗೆರೆಗಳು ನಡುಗುತ್ತ, ಉಬ್ಬನ್ನು ಸುತ್ತಿ ಬಾಗಿ, ಆಚೆಯ ಕತ್ತಲಿಗೆ ಇಳಿದಿದ್ದವು.

"ಇಲ್ಲಿ ಹೊರಳ್ಯಾವ್ರಿ. ಇಷ್ಟರಾಗ ಬಂದದ. ಮುಂದಿನ ಸಲ..."



ತಾರವ್ವ ಹಾಳೆ ಇಸಿದುಕೊಂಡಳು. ಗಂಡನ ಮುಂದೆ ಕುಕ್ಕರಗಾಲಲ್ಲಿ ಕೂತು, ಮುಚ್ಚಿದ ಕಣ್ಣುಗಳಿಗೆ ನೇರ ಎತ್ತಿ ಹಿಡಿದಳು.

"ಬಾಯಿ ಸೊಟ್ಟ ಆಗೈತಂತ, ನೋಡ್ರಿ."

ಹೆಣ ಹೊರುವವರು ಬಂದು ಹಿಂದೆ ನಿಂತರು. ಹಾಳೆಯ ಮೇಲೆ ತಾರವ್ವನ ಬೆರಳು ತಂಬಿಗೆಯ ಬಾಯಿಯಿಂದ ಕೊರಳಿಗೆ, ಕೊರಳಿಂದ ಆ ಹೊರಳಿದ ಗೆರೆಗಳ ಕಡೆಗೆ, ಸಾವಕಾಶ ಇಳಿಯುತ್ತಿತ್ತು.