ಮಗಳು ಹೇಳಿದ ಅರ್ಥ

ಬ್ರೆಡ್ಡಿನ ಕೆಲಸದಲ್ಲಿ ಅವನ ಕೈ ಪಳಗಿತ್ತೆಂದೇ ಪರದೇಶದ ಬೇಕರಿಯೊಂದರ ಯಜಮಾನಿ ತಾನೇ ಮುಂದೆ ನಿಂತು ವೀಸಾ ಮಾಡಿಸಿ ಅವನನ್ನು ಕರೆಸಿಕೊಂಡಿದ್ದಳು. ಜೊತೆಗಾರರ ಬಾಯಲ್ಲಿ ಅವನು ಮೇಸ್ತ್ರಿ. ವೀಸಾದ ಷರತ್ತು ಒಂದೇ: ಅದೇ ಬೇಕರಿ, ಅದೇ ಕೆಲಸ. ಎರಡರಲ್ಲಿ ಒಂದು ತಪ್ಪಿದರೂ ಮೇಸ್ತ್ರಿ, ಹೆಂಡತಿ, ಮಗಳು ಮೂವರೂ ಗಂಟುಮೂಟೆ ಕಟ್ಟಬೇಕು.

ಮೂರನೆಯ ವರ್ಷ ಕೆಮ್ಮು ಶುರುವಾಯಿತು. ಮೊದಮೊದಲು ಮೂಟೆ ಬಿಚ್ಚಿ ನಾದುವ ಯಂತ್ರಕ್ಕೆ ಹಿಟ್ಟು ಸುರಿಯುವಾಗ ಮಾತ್ರ. ಆಮೇಲೆ ಮನೆಯಲ್ಲೂ. ಮೆಟ್ಟಿಲು ಹತ್ತಿ ಬಂದವನು ಬೀಗದ ಕೈ ಹುಡುಕುವವನಂತೆ ಜೇಬು ತಡಕುತ್ತ, ಬಾಗಿಲ ಹೊರಗೇ ನಿಂತು ಉಸಿರು ಸುಧಾರಿಸಿಕೊಳ್ಳುತ್ತಿದ್ದ.

“ಏನ್ರೀ, ಎದೆಯೊಳಗೆ ಬೆಕ್ಕಿನ ಮರಿ ಸಾಕಿದೀರಾ? ಗುರ್ ಗುರ್ ಅಂತಿದೆ” ಎಂದು ಹೆಂಡತಿ ಛೇಡಿಸಿದಳು. ಆದರೆ ಅವನು ಮಲಗಲಾರದೆ ದಿಂಬಿಗೊರಗಿ ಕೂರತೊಡಗಿದಾಗ ಅವಳ ತಮಾಷೆ ನಿಂತಿತು. “ಪುಟ್ಟೀನ ಕರ್ಕೊಂಡು ಡಾಕ್ಟರ್ ಹತ್ರ ಹೋಗ್ಬನ್ನಿ. ನಿಮ್ಮ ಹರಕುಮುರುಕು ಭಾಷೆ ಅಲ್ಲಿ ನಡಿಯಲ್ಲ.”

ಅಲ್ಲಿನ ಭಾಷೆ ಮೇಸ್ತ್ರಿಗೆ ಬರುತ್ತಿದ್ದುದು ಬೇಕರಿಗೆ ಬೇಕಾದಷ್ಟೇ: ಹಿಟ್ಟು, ನೀರು, ಬೇಗ, ಬೇಡ, ಸೀದುಹೋಯಿತು. ಮಗಳು ಮಾತ್ರ ಅರಳು ಹುರಿದಂತೆ ಮಾತಾಡುತ್ತಿದ್ದಳು. ಬಂದ ಹೊಸತರಲ್ಲಿ ಶಾಲೆಗೆ ಹೋಗಲಾರೆನೆಂದು ಗೋಳಾಡಿದ ಹುಡುಗಿಗೆ ಈಗ ಒಬ್ಬಳು ಜೀವದ ಗೆಳತಿ ಇದ್ದಳು.

ವೈದ್ಯೆ ಅವನಿಂದ ಕೊಳವೆಯೊಂದನ್ನು ಊದಿಸಿ, ಯಂತ್ರ ನೋಡಿ ಹುಬ್ಬು ಗಂಟಿಕ್ಕಿದಳು. ಮಗಳ ಕಡೆ ತಿರುಗಿ, ಹಿಟ್ಟಿನ ಧೂಳು ನಿಮ್ಮಪ್ಪನ ಶ್ವಾಸಕೋಶಕ್ಕೆ ವಿಷ, ಈ ಕೆಲಸ ಬಿಡಲೇಬೇಕು, ಇಲ್ಲದಿದ್ದರೆ ಹಾಳಾದದ್ದು ಮತ್ತೆ ಸರಿಹೋಗದು ಎಂದು ನಿಧಾನವಾಗಿ ಹೇಳಿದಳು.

“ಏನಂತೆ ಪುಟ್ಟೀ?”

ಮಗಳು ತನ್ನ ಬೂಟುಗಳನ್ನೇ ನೋಡುತ್ತಿದ್ದಳು. “ಮಾಸ್ಕ್ ಹಾಕ್ಕೋಬೇಕಂತೆ ಅಪ್ಪಾ. ಉಸಿರಿಗೆ ಪಂಪ್ ಕೊಡ್ತಾರಂತೆ, ದಿನಾ ಎಳ್ಕೋಬೇಕಂತೆ.”

“ಅಷ್ಟೇನಾ?”

“ಅಷ್ಟೇ.”

ಹಿಟ್ಟು ಎಂಬ ಪದ ಅವನಿಗೆ ಗೊತ್ತಿತ್ತು. ಬೇಡ ಎಂಬುದೂ ಗೊತ್ತಿತ್ತು. ವೈದ್ಯೆ ಬಲವಾಗಿ ಅಡ್ಡಡ್ಡ ತಲೆಯಾಡಿಸಿದ್ದನ್ನೂ ಕಂಡಿದ್ದ. ಆದರೂ “ಸರಿ ಬಿಡು, ಅಷ್ಟೇ ತಾನೆ” ಎಂದು ಎದ್ದ. ಆ ಸುಳ್ಳು ಅವನಿಗೂ ಬೇಕಾಗಿತ್ತು.

ಮರುದಿನ ಯಜಮಾನಿಯನ್ನು ಕಂಡು, ಹಿಟ್ಟಿನ ಕೆಲಸ ಬೇಡ, ಬ್ರೆಡ್ ಹಂಚುವ ವ್ಯಾನ್ ಓಡಿಸುತ್ತೇನೆಂದು ಕೈಸನ್ನೆಯಲ್ಲೇ ಕೇಳಿಕೊಂಡ. ಅವಳು ಕಲ್ಲೆದೆಯವಳಲ್ಲ, ಯಾರ್ಯಾರಿಗೋ ಫೋನ್ ಮಾಡಿ ವಿಚಾರಿಸಿದಳು. ಬೇಕರ್ ಎಂದು ಬಂದವನು ಬೇಕರ್ ಆಗಿಯೇ ಇರಬೇಕು, ಡ್ರೈವರ್ ಕೆಲಸಕ್ಕೆ ಈ ವೀಸಾ ಸಿಗದು ಎಂಬ ಉತ್ತರ ಬಂತು. ಅವಳ ಕೈಲಾದದ್ದು ಅವನನ್ನು ಮೂಟೆಗಳಿಂದ ದೂರ, ಒಲೆಯ ಬಳಿ ನಿಲ್ಲಿಸಿದ್ದು. ಧೂಳು ಅಲ್ಲಿಗೂ ಬಂತು.

ಮರುವರ್ಷದ ಚಳಿಗಾಲದಲ್ಲಿ, ತಟ್ಟೆಗಳನ್ನು ಹೊರತೆಗೆಯುತ್ತಿದ್ದ ಮೇಸ್ತ್ರಿ ತುಟಿ ನೀಲಿಗಟ್ಟಿ ಕುಸಿದುಬಿದ್ದ. ಆಸ್ಪತ್ರೆಯವರು ಮೇಸ್ತ್ರಿಯ ಮನೆಮಾತು ಬಲ್ಲ ದುಭಾಷಿಯೊಬ್ಬನನ್ನು ಫೋನಿನಲ್ಲಿ ಹಿಡಿದುಕೊಟ್ಟರು. ಆ ಗಂಡಸಿನ ದನಿ ಹೆಂಡತಿಗೆ ಎಲ್ಲವನ್ನೂ ಸ್ಪಷ್ಟವಾಗಿ ಹೇಳಿತು. “ಕೆಲಸ ಬಿಡಿ ಅಂತ ಹೋದ ವರ್ಷಾನೇ ಹೇಳಿದ್ರಂತಲ್ಲಮ್ಮಾ?”

ಅವಳು ಮಗಳತ್ತ ತಿರುಗಿದಳು. ಹುಡುಗಿಯ ಮುಖ ಬಿಳಿಚಿಕೊಂಡಿತ್ತು. ಮೇಸ್ತ್ರಿ ಆಮ್ಲಜನಕದ ಮಾಸ್ಕ್ ಸರಿಸಿ, ಒಂದೊಂದೇ ಮಾತು ಎಳೆದ. “ಅವಳು ಸರಿಯಾಗೇ ಹೇಳಿದ್ಲು. ನಿಂಗೆ ಹೇಳ್ಬೇಡ ಅಂದಿದ್ದು ನಾನು.”

ಹೆಂಡತಿ ಗೋಡೆಗೆ ಮುಖ ಮಾಡಿ ಬಿಕ್ಕಿದಳು. ಮಗಳು ಅಪ್ಪನನ್ನೇ ನೋಡುತ್ತ ನಿಂತಳು. ಅವನಿಗೆ ಆವತ್ತೇ ಎಲ್ಲ ತಿಳಿದಿತ್ತೆಂದು ಅವಳಿಗೆ ಗೊತ್ತಾದದ್ದು ಆಗಲೇ.

ಬೇಕರಿಯ ಕೆಲಸ ಅಲ್ಲಿಗೆ ಮುಗಿಯಿತು. ಅದರೊಂದಿಗೆ ಆ ದೇಶವೂ. ಬೀಳ್ಕೊಡಲು ಬಂದ ಗೆಳತಿಯನ್ನು ಅಪ್ಪಿಕೊಳ್ಳಲೂ ಮಗಳಿಗೆ ಮನಸ್ಸಾಗಲಿಲ್ಲ.

ತಮ್ಮ ನಾಡಿಗೆ ಮರಳಿ ಒಂದು ಸಣ್ಣ ಬಾಡಿಗೆ ಮನೆ ಹಿಡಿದರು. ಹೆಂಡತಿ ಬಟ್ಟೆಯ ಅಂಗಡಿಯೊಂದರಲ್ಲಿ ದಿನವಿಡೀ ನಿಂತು ಕೆಲಸ ಮಾಡಿ ಬರುತ್ತಿದ್ದಳು. ಮೇಸ್ತ್ರಿಗೆ ಬಚ್ಚಲಿಗೆ ಹೋಗಿಬಂದರೆ ಏದುಸಿರು. ಅವಳು ಊಟ ಬಡಿಸುತ್ತಿದ್ದಳು, ಔಷಧಿ ಕೊಡುತ್ತಿದ್ದಳು, ಮುಖ ಕೊಟ್ಟು ಮಾತಾಡುತ್ತಿರಲಿಲ್ಲ.

ಒಂದು ಸಂಜೆ ಅವನ ಬೆನ್ನು ನೀವುತ್ತಿದ್ದಾಗ ಅವಳ ಸಹನೆಯ ಕಟ್ಟೆಯೊಡೆಯಿತು. “ಒಂದು ಮಾತು ಹೇಳಿದ್ರೆ ಅವತ್ತೇ ಹೊರಟು ಬರ್ತಿದ್ವಲ್ರೀ. ನಾನೇನು ಬೇಡ ಅಂತಿದ್ನಾ? ಹೆಂಡ್ತಿ ಅಂದ್ರೆ ಅಷ್ಟು ಕಡೆಯಾ ನಿಮ್ಗೆ?”

ಬಾಗಿಲಲ್ಲಿ ನಿಂತಿದ್ದ ಮಗಳು “ಅಮ್ಮಾ, ಅದು...” ಎಂದು ಬಾಯಿ ತೆರೆದಳು.

“ಪುಟ್ಟೀ,” ಎಂದ ಮೇಸ್ತ್ರಿ, “ಕುಡಿಯೋಕೆ ಸ್ವಲ್ಪ ನೀರು ತಗೊಂಬಾ.”

ಅವಳು ಅಲ್ಲೇ ನಿಂತಳು. ಅವನು ಮತ್ತೊಮ್ಮೆ ಕೇಳಿದ. ಅವಳು ಒಳಗೆ ಹೋದಳು.