ಗಪ್ಲೂನ ಕಣ್ಣು

ಮಸ್ಕಿಯ ಪೀರಮ್ಮನಿಗೆ ಕೂತಲ್ಲಿ ಕೂತು ಗೊತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಬಾಗಿಲ ಕಡೆ ಒಂದು ಕಣ್ಣು, ನೀರು ತುಂಬುವಾಗ ಒಲೆಯ ಕಡೆ ಜೀವ. ಅಂಥವಳು ಆ ವರ್ಷ ಹೋಳಿಹುಣ್ಣಿಮೆಯಿಂದ ಮುಂಗಾರಿನವರೆಗೆ ಕ್ರೋಶಾ ಕಡ್ಡಿ ಹಿಡಿದು ಕೂತಳು ಅಂದರೆ ಓಣಿಯವರು ನಂಬಲೇ ಇಲ್ಲ. ಕೂತದ್ದೇನೋ ನಿಜ. ಆದರೆ ಹೆಣೆದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು.

ಹೆಣೆಯುತ್ತಿದ್ದದ್ದು ಗ್ಯಾನಿಗಾಗಿ. ಗ್ಯಾನಿ, ಅಂದರೆ ಗ್ಯಾನಮ್ಮ, ಪೀರಮ್ಮ ಹೆತ್ತ ಮಗಳಲ್ಲ. ಅಕ್ಕ ಅಯ್ಯಮ್ಮನ ಮಗಳು. ಅಯ್ಯಮ್ಮ ನರ್ಸ್ ಟ್ರೇನಿಂಗಿಗೆ ಹೋದಾಗ ಕೂಸಿಗೆ ಒಂಬತ್ತು ತಿಂಗಳು. ಟ್ರೇನಿಂಗ್ ಮುಗಿದ ಮೇಲೆ ಆಕೆಗೆ ಸಿಂಧನೂರಿನ ಆರ್.ಎಚ್. ಕ್ಯಾಂಪಿನ ಕಡೆ ನೌಕರಿ, ಗಂಡ ಅಯ್ಯಪ್ಪನಿಗೆ ಬಳ್ಳಾರಿಯಲ್ಲಿ ಗುಮಾಸ್ತಿಕೆ. ಕೂಸು ಎಲ್ಲಿರಬೇಕು? ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗದ ಪೀರಮ್ಮನ ಮಡಿಲಲ್ಲಿ ಇತ್ತು. ಐದು ವರ್ಷ ಅಲ್ಲೇ ಬೆಳೆಯಿತು. ಮಾತು ಬಂದಾಗ ಪೀರಮ್ಮನನ್ನು ಅವ್ವ ಎಂದು ಕರೆಯಿತು. ತಿಂಗಳಿಗೊಮ್ಮೆ ಬಿಸ್ಕಿಟ್ ಪುಡಿಕೆ ಹಿಡಿದು ಬರುವ ಹೆತ್ತವಳನ್ನು ದೊಡ್ಡವ್ವ ಎಂದು ಕರೆಯಿತು. ಸರಿಯಾಗಿ ನೋಡಿದರೆ ಅಯ್ಯಮ್ಮ ಅವ್ವ, ಪೀರಮ್ಮ ಸಣ್ಣವ್ವ. ತಿದ್ದಬೇಕಾದವಳು ಪೀರಮ್ಮನೇ. ತಿದ್ದಲಿಲ್ಲ. ಹೆತ್ತವಳು ಯಾರೆಂದು ಹುಡುಗಿಗೆ ಗೊತ್ತಿದೆಯಲ್ಲ, ಕರೆಯುವುದು ಹೇಗಾದರೂ ಕರೆಯಲಿ ಬಿಡು ಎಂದು ಸುಮ್ಮನಿದ್ದಳು. ಸುಮ್ಮನಿದ್ದಳು ಅನ್ನುವುದು ಮರ್ಯಾದೆಯ ಮಾತು. ಆ ಒಂದು ಕರೆಗಾಗಿ ಆಕೆ ಊಟ ಬಿಟ್ಟು ಎದ್ದು ಓಡುತ್ತಿದ್ದಳು.

ಆ ಹೋಳಿಹುಣ್ಣಿಮೆಗೆ ಅಯ್ಯಮ್ಮ ಬಂದವಳು ಹೊಸ ಸುದ್ದಿ ತಂದಳು. ಗಂಡ ಹೆಂಡತಿ ಇಬ್ಬರಿಗೂ ಲಿಂಗಸುಗೂರಿಗೆ ವರ್ಗವಾಗಿದೆ, ಕ್ವಾರ್ಟರ್ಸೂ ಸಿಕ್ಕಿದೆ, ಜೂನಿನಲ್ಲಿ ಗ್ಯಾನಿಯನ್ನು ಕರೆದುಕೊಂಡು ಹೋಗಿ ಅಲ್ಲೇ ಶಾಲೆಗೆ ಹೆಸರು ಹಚ್ಚುತ್ತೇನೆ ಅಂದಳು. ಗ್ಯಾನಿ ಕಂಬಕ್ಕೆ ಒರಗಿ ಜಡೆಯ ತುದಿ ಬಾಯಲ್ಲಿಟ್ಟುಕೊಂಡು ಯೋಚಿಸಿ ಹೇಳಿತು:

"ಅವ್ವ ನನಗ ಗಪ್ಲೂ ಗೊಂಬಿ ಮಾಡಿಕೊಡ್ತೀನಿ ಅಂದಾಳ. ಗೊಂಬಿ ಮುಗಿದ ಮ್ಯಾಲ ಬರ್ತೀನಿ."

"ಆತಳವ್ವ," ಅಂದಳು ಅಯ್ಯಮ್ಮ ನಗುತ್ತ. "ಗೊಂಬಿ ಮುಗಿದ ದಿನ ಹೇಳಿ ಕಳಸ್ರಿ. ಮರುದಿನಾನ ಬಂದು ಕರಕೊಂಡು ಹೋಗ್ತೀನಿ."

ಪೀರಮ್ಮ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಗೊಂಬೆ ಮುಗಿಯದಿದ್ದರೆ ಹುಡುಗಿ ಹೋಗುವುದಿಲ್ಲ. ಹುಡುಗಿಗೆ ಹೋಗಲು ಇಷ್ಟವಿಲ್ಲ, ಅದಕ್ಕೇ ಈ ನೆವ ಹೂಡಿದೆ. ನನ್ನ ಮಗಳು ಜಾಣಿ.

ಗಪ್ಲೂ ಅಂದರೆ ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಬರುವ ಕತ್ತೆಮರಿ. ಕಿರಾಣಿ ಅಂಗಡಿಯ ಅಮರಗುಂಡಪ್ಪನ ಮನೆಯ ಟೀವಿ ಓಣಿಗೆಲ್ಲ ಒಂದೇ ಟೀವಿ. ಮಕ್ಕಳು ಪಡಸಾಲೆ ತುಂಬ ಕೂತು ನೋಡುತ್ತಿದ್ದರು. ಗಪ್ಲೂ ಎರಡು ಕಾಲಿನ ಮೇಲೆ ನಡೆಯುತ್ತಿತ್ತು, ಮೊಣಕಾಲಿನವರೆಗೆ ಬೂಟು, ಒಂದು ಕಿವಿ ನೆಟ್ಟಗೆ, ಒಂದು ಕಿವಿ ಮಡಚಿದ್ದು. ರಸ್ತೆ ಬದಿಯಲ್ಲಿ ಕೈ ಎತ್ತಿ ನಿಲ್ಲುವುದು, ಯಾವ ಗಾಡಿಯೂ ನಿಲ್ಲದೆ ಹೋಗುವುದು, ಅದು ಹಿಂದಿಯಲ್ಲಿ ಬೈಯುವುದು, ಇಷ್ಟೇ ಕತೆ. ಹಿಂದಿ ಯಾರಿಗೂ ತಿಳಿಯುತ್ತಿರಲಿಲ್ಲ. ಬೈಗುಳ ಎಲ್ಲರಿಗೂ ತಿಳಿಯುತ್ತಿತ್ತು.

ಕ್ರೋಶಾ ಬಲ್ಲವಳು ಓಣಿಯ ಕೊನೆಯ ಖಾಸಿಂಬೀ. ನಮಾಜಿನ ಟೋಪಿ ಹೆಣೆದು ಸಿಂಧನೂರಿನ ಅಂಗಡಿಗೆ ಕೊಡುವವಳು, ಮೂವತ್ತು ವರ್ಷದಿಂದ ಅದೇ ಕೆಲಸ. ಪೀರಮ್ಮ ಹೋಗಿ ಗಪ್ಲೂನ ಚಹರೆ ಹೇಳಿದಾಗ ಖಾಸಿಂಬೀ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಕತ್ತಿಗೆ ಟೋಪಿ ಹಾಕಂದ್ರ ಹಾಕೇನು. ಕತ್ತೀನ ಹೆಣಿ ಅಂದ್ರ?"

ಆದರೂ ಕಲಿಸಿದಳು. ಆರು ಕುಣಿಕೆಯ ಚಕ್ರ ಕಟ್ಟು, ಸುತ್ತಿಗೆ ಆರರಂತೆ ಬೆಳೆಸು, ಅಂಗೈಯಷ್ಟು ಆದಮೇಲೆ ಬೆಳೆಸದೆ ಗೋಡೆ ಎಬ್ಬಿಸು. ಅಲ್ಲಿಯವರೆಗೆ ಅದು ಟೋಪಿಯೂ ಹೌದು, ಗಪ್ಲೂನ ತಲೆಯೂ ಹೌದು. ಮುಂದೆ ಬಂತು ಫಜೀತಿ. ಟೋಪಿಗೆ ಬಾಯಿ ಇರಬೇಕು, ತಲೆಗೆ ಬಾಯಿ ಮುಚ್ಚಬೇಕು. ಖಾಸಿಂಬೀಯ ಕೈ ಮೂವತ್ತು ವರ್ಷದಲ್ಲಿ ಒಮ್ಮೆಯೂ ಮುಚ್ಚಿದ್ದಿಲ್ಲ. ಕಡೆಗೆ ಎರಡು ಟೋಪಿ ಹೆಣೆದು ಬಾಯಿಗೆ ಬಾಯಿ ಕೂಡಿಸಿ ಹೊಲಿದರು. ಗಪ್ಲೂನ ನೆತ್ತಿಯಿಂದ ಗದ್ದದವರೆಗೆ ಹೊಲಿಗೆಯ ಏಣು ಎದ್ದು ಕೂತಿತು. ಪೀರಮ್ಮ ಬಿಚ್ಚಿದಳು. ಆ ಸಲ ಬಿಚ್ಚಿದ್ದು ನ್ಯಾಯವಾಗಿತ್ತು. ಆಮೇಲೆ ಖಾಸಿಂಬೀಯೇ ಎರಡು ಕುಣಿಕೆಗೆ ಒಂದರಂತೆ ಕೂಡಿಸಿ ಕಡಿಮೆ ಮಾಡುತ್ತ ಮುಚ್ಚುವುದನ್ನು ಕಂಡುಹಿಡಿದು, ಹೊಸ ಟೋಪಿ ಕಲಿತವಳಂತೆ ಖುಷಿಪಟ್ಟಳು.

ಎರಡನೆಯ ಸಲ ಬಿಚ್ಚಿದ್ದೂ ಅರ್ಧ ನ್ಯಾಯವೇ. ತಲೆ, ಮೈ ಎರಡೂ ಬೂದಿ ಬಣ್ಣದ ಉಲ್ಲನ್‌ನಲ್ಲಿ ಆಗಿದ್ದವು. ಒಂದು ಭಾನುವಾರ ಪೀರಮ್ಮ ತಾನೂ ಅಮರಗುಂಡಪ್ಪನ ಕಿಟಕಿಯಲ್ಲಿ ನಿಂತು ನೋಡುತ್ತಾಳೆ, ಟೀವಿಯಲ್ಲಿ ಗಿಡವೂ ಬೂದಿ, ಆಕಾಶವೂ ಬೂದಿ, ಗಪ್ಲೂನ ಬೂಟೂ ಬೂದಿ. ಕಪ್ಪು-ಬಿಳುಪಿನ ಟೀವಿ ನೋಡಿ ಕತ್ತೆಯ ಬಣ್ಣ ಹೇಗೆ ಹೇಳುವುದು? ಮರುದಿನವೇ ಸಿಂಧನೂರಿನ ಬಸ್ಸು ಹತ್ತಿದಳು. ತುಂಬಿದ ಬಸ್ಸಿನಲ್ಲಿ ಬಳಗಾನೂರಿಗೆ ಹೋಗುವವರ ನಡುವೆ ನಿಂತುಕೊಂಡೇ ಹೋದಳು. ಕಲರ್ ಟೀವಿ ಇಟ್ಟಿದ್ದ ಅಂಗಡಿ ಹುಡುಕಿ, "ಇದರೊಳಗ ಗಪ್ಲೂ ಯಾವ ಬಣ್ಣ ಕಾಣ್ತದ್ರೀ?" ಎಂದು ಕೇಳಿದಳು. ಅಂಗಡಿಯವನು ಆಕೆಯ ಮುಖ ನೋಡಿ, "ಇವತ್ತು ಸೋಮವಾರ ಐತವ್ವ," ಅಂದ. ಭಾನುವಾರ ಬರೋಣವೆಂದರೆ ಭಾನುವಾರ ಅಂಗಡಿ ರಜೆ. ನೀಲಿ, ಕೆಮ್ಮಣ್ಣು, ಹಳದಿ ಮೂರೂ ಬಣ್ಣದ ಉಲ್ಲನ್ ಕೊಂಡು ಬಂದಳು. ಗ್ಯಾನಿ ಕೆಮ್ಮಣ್ಣಿನ ಬಣ್ಣ ಮುಟ್ಟಿ ತೋರಿಸಿತು.

ಬೂದಿ ಗಪ್ಲೂನನ್ನು ಬಿಚ್ಚುವಾಗಲೇ ಪೀರಮ್ಮನಿಗೆ ಆ ರುಚಿ ಹತ್ತಿದ್ದು. ಹೆಣೆಯಲು ಎಂಟು ದಿನ ಬೇಕು. ಬಿಚ್ಚಲು ತುದಿಯ ಎಳೆ ಹಿಡಿದು ಜಗ್ಗಿದರೆ ಸಾಕು, ಸುತ್ತಿನ ಮೇಲೆ ಸುತ್ತು ಸರಸರ ಬಂದುಬಿಡುತ್ತದೆ, ಎಂಟು ದಿನ ಮತ್ತೆ ಕೈಗೆ ಬರುತ್ತವೆ. ಅಷ್ಟು ದಿನ ಹುಡುಗಿ ಮನೆಯಲ್ಲಿರುತ್ತದೆ. ಅಲ್ಲಿಂದ ಮುಂದೆ ನೆವಗಳಿಗೆ ಬರವಿರಲಿಲ್ಲ. ಕಿವಿ ಮೊಲದ ಕಿವಿಯಂತಾಯಿತು, ಬಿಚ್ಚು. ಹೊಟ್ಟೆ ಸೊಟ್ಟಗಾಯಿತು, ಬಿಚ್ಚು.

ಗಂಡ ಬಸ್ಸಪ್ಪ ಕರೆಂಟಿನ ಕಂಬ ಹತ್ತುವ ಕೆಲಸದವನು, ಮಾತು ಕಡಿಮೆ. ಎತ್ತಿದ ಕೈ ಎತ್ತಿದಂತೆಯೇ ನಿಲ್ಲಬೇಕು, ಇಲ್ಲದಿದ್ದರೆ ಅದು ಗಪ್ಲೂನೇ ಅಲ್ಲ ಎಂದು ಗ್ಯಾನಿ ಹಟ ಹಿಡಿದಾಗ ತಂತಿಯ ಉಪಾಯ ಹೇಳಿದವನು ಅವನೇ. ಮೊದಲು ತಂದ ತಂತಿ ದಪ್ಪವಾಗಿ ಗಪ್ಲೂ ಅವನ ಕಂಬದಂತೆಯೇ ಸೆಟೆದು ನಿಂತಿತು. ಆಮೇಲಿನದು ಸಣ್ಣದಾಗಿ ಕುಸಿದು ಬಿತ್ತು. ಮೂರನೆಯ ಸಲ ಸಣ್ಣ ತಂತಿಯನ್ನೇ ಎರಡೆಳೆ ಹುರಿ ಮಾಡಿ, ತುದಿ ಚುಚ್ಚದಂತೆ ಬಟ್ಟೆ ಸುತ್ತಿ, ಕೈಕಾಲಿನೊಳಗೆ ತೂರಿಸಿ ಸುತ್ತ ಹತ್ತಿ ತುಂಬಿದರು. ಗಪ್ಲೂ ನಿಂತಿತು. ಕೂತಿತು. ಕೈ ಎತ್ತಿದರೆ ಎತ್ತಿದಂತೆಯೇ ಉಳಿಯಿತು. ಗ್ಯಾನಿ ಚಪ್ಪಾಳೆ ತಟ್ಟಿ ಕುಣಿಯಿತು. ಪೀರಮ್ಮ ಮಾತ್ರ ಎದ್ದು ಹಿತ್ತಲಿಗೆ ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಬಾಕಿ ಇದ್ದದ್ದು ಎರಡು ಕಣ್ಣು.

ಕಣ್ಣಿನ ವಿಷಯ ಕೇಳಿದಾಗ ಖಾಸಿಂಬೀ ಕಡ್ಡಿ ಕೆಳಗಿಟ್ಟಳು.

"ಅದೊಂದು ನನಗ ಹೇಳಬ್ಯಾಡ ಬೇ. ಕಿವಿ ಹೇಳಿಕೊಟ್ಟೆ, ಕಾಲು ಹೇಳಿಕೊಟ್ಟೆ. ಕಣ್ಣು ನಾ ಇಡಂಗಿಲ್ಲ. ಕಣ್ಣು ಇಟ್ಟಾಕಿ ಜೀವಾನೂ ಕೊಡು ಅಂತ ಅಲ್ಲಿ ಮ್ಯಾಲಿನಾಂವ ಕೇಳಿದ್ರ ನಾ ಎಲ್ಲಿಂದ ಕೊಡ್ಲಿ?" ಎಂದು ಮೇಲೆ ಕೈ ತೋರಿಸಿದಳು. "ನೀ ಇಡು. ಎರಡು ಗುಂಡಿ ಹಚ್ಚಿದ್ರ ಆತು, ಐದು ನಿಮಿಷದ ಕೆಲಸ." ಆಮೇಲೆ ಪೀರಮ್ಮನ ಮುಖವನ್ನೇ ನೋಡುತ್ತ, "ಹೆಣಿಯೂದಕ್ಕಿಂತ ಬಿಚ್ಚೂದು ಚಂದ ಕಲ್ತಿ ನೀ," ಅಂದಳು.

ಪೀರಮ್ಮ ಸರಕ್ಕನೆ ಎದ್ದು ಹೊರಟಳು. ಮನೆ ಮುಟ್ಟುವುದರೊಳಗೆ ಕಣ್ಣಿನ ಮಾತನ್ನು ತನಗೆ ಬೇಕಾದಂತೆ ತಿರುಗಿಸಿಕೊಂಡಿದ್ದಳು. "ಕಣ್ಣು ಖಾಸಿಂಬೀ ಖಾಲಾನ ಇಡಬೇಕು, ಆಕಿ ಒಲ್ಲೆ ಅಂತಾಳ," ಎಂದು ಗ್ಯಾನಿಗೆ ಹೇಳಿದಳು. ಮೊದಲಿನ ಅರ್ಧ ಸುಳ್ಳು, ಆಮೇಲಿನ ಅರ್ಧ ನಿಜ. ಸುಳ್ಳು ಹೇಳುವವರಿಗೆ ಇದಕ್ಕಿಂತ ಅನುಕೂಲದ ಮಾತು ಸಿಗುವುದಿಲ್ಲ. ಗ್ಯಾನಿ ಕಣ್ಣಿಲ್ಲದ ಗಪ್ಲೂನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಬೂಟು ಸವರುತ್ತಿತ್ತು.

ಜೂನ್ ಬಂತು. ಲಿಂಗಸುಗೂರಿನ ಬಸ್ಸಿನ ಕಂಡಕ್ಟರ್ ಪಂಪಣ್ಣನ ಕೈಯಲ್ಲಿ ಅಯ್ಯಮ್ಮ ವಾರಕ್ಕೆರಡು ಸಲ ಹೇಳಿ ಕಳಿಸತೊಡಗಿದಳು. ಪಂಪಣ್ಣ ಬಸ್ಸಿನ ಬಾಗಿಲಲ್ಲಿ ನಿಂತು ಸಂತೆಗೆಲ್ಲ ಕೇಳುವಂತೆ ಕೂಗುತ್ತಿದ್ದ: "ಪೀರಮ್ಮಾ, ಸಾಲಿ ಚಾಲೂ ಆಗೇತಂತ. ಗೊಂಬಿ ಎಲ್ಲಿಗೆ ಬಂತಂತ ಕೇಳ್ಯಾರ ನರ್ಸಬಾಯಿ."

"ಕಣ್ಣು ಆಗಿಲ್ಲಂತ ಹೇಳ್ರಿ."

ನಾಲ್ಕು ದಿನ ಬಿಟ್ಟು ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಸಂಜೆಗಳಲ್ಲಿ ಹುಡುಗಿಯ ತಲೆಗೆ ಎಣ್ಣೆ ಹಚ್ಚಿದವಳು, ಹಚ್ಚಿದ್ದು ಮರೆತು ಮತ್ತೆ ಹಚ್ಚುತ್ತಿದ್ದಳು. ತಾನು ಮಾಡುತ್ತಿರುವುದು ಸರಿಯಲ್ಲ ಎಂದು ಗೊತ್ತಿತ್ತು. ಅಕ್ಕನಿಗೆ ಮೋಸ, ಹುಡುಗಿಯ ಶಾಲೆಗೂ ಮೋಸ. ಗೊತ್ತಿದ್ದೂ ಇನ್ನೊಂದು ವಾರ, ಇನ್ನೊಂದೇ ವಾರ ಎಂದು ದಿನ ನೂಕಿದಳು.

ಒಂದು ದಿನ ಮಧ್ಯಾಹ್ನ ಗಿರಣಿಯಿಂದ ಜೋಳದ ಹಿಟ್ಟು ಹೊತ್ತು ಬಂದಾಗ ಗ್ಯಾನಿ ಹೊಸ್ತಿಲಲ್ಲಿ ಕೂತಿತ್ತು. ಪಕ್ಕದಲ್ಲಿ ಗಪ್ಲೂ ಕೂತಿತ್ತು. ಗಪ್ಲೂಗೆ ಕಣ್ಣು ಬಂದಿದ್ದವು. ಬಸ್ಸಪ್ಪನ ಹಳೆಯ ಅಂಗಿಯ ಎರಡು ಕಪ್ಪು ಗುಂಡಿ, ಕೆಂಪು ದಾರದಲ್ಲಿ ಹೊಲಿದದ್ದು, ಒಂದು ಮೇಲೆ, ಒಂದು ಕೆಳಗೆ. ದಾರದ ತುದಿಗಳು ಕೆನ್ನೆಯ ಮೇಲೆ ಇಳಿಬಿದ್ದಿದ್ದವು. ಹುಡುಗಿಯ ಹೆಬ್ಬೆಟ್ಟಿನ ತುದಿಯಲ್ಲಿ ಸೂಜಿ ಚುಚ್ಚಿದ ರಕ್ತ ಒಣಗಿತ್ತು.

"ಯಾರು ಇಟ್ರು ಇದನ್ನ?"

"ನಾನ. ಖಾಲಾನ ಮನಿಗೆ ಹೋಗಿ, ಕಣ್ಣ ಇಡು ಖಾಲಾ ಅಂತ ಕಾಲು ಹಿಡದೆ. ನಾ ಇಡಂಗಿಲ್ಲ, ನಿಮ್ಮವ್ವ ಇಡ್ತಾಳ, ಐದು ನಿಮಿಷದ ಕೆಲಸ ಅಂದಳು." ಹುಡುಗಿ ತಲೆ ಎತ್ತಲಿಲ್ಲ. "ನೀ ಇಡಲಿಲ್ಲ. ಅದಕ್ಕ ನಾನ ಇಟ್ಟೆ."

ಪೀರಮ್ಮ ಹಿಟ್ಟಿನ ಡಬ್ಬಿಯನ್ನು ಇಳಿಸದೆ ನಿಂತಳು. ತಲೆಯ ಮೇಲಿನ ಭಾರ ಅರಿವಿಗೇ ಬರಲಿಲ್ಲ.

"ಇಷ್ಟ್ಯಾಕ ಅವಸರ ಮಾಡಿದಿ?"

"ಗೊಂಬಿ ಮುಗಿದ ಮ್ಯಾಲ ಬರ್ತೀನಿ ಅಂತ ದೊಡ್ಡವ್ವಗ ಹೇಳಿದ್ದೆನಲ್ಲ. ಆಕಿ ದಾರಿ ಕಾಯಾಕತ್ತಾಳ."

"ನಿನಗ ಹೋಗಾಕ ಮನಸೈತೇನು?"

ಗ್ಯಾನಿ ಹೂಂ ಎಂದು ತಲೆ ಆಡಿಸಿತು. "ಮೊದಲಿಂದಾನೂ ಐತಿ. ಗಪ್ಲೂನ ಕರಕೊಂಡು ಹೋಗಬೇಕಂತ ತಡದಿದ್ದೆ. ನೀ ಬಿಚ್ಚಿದಾಗೊಮ್ಮೆ ನನಗ ಅಳು ಬರ್ತಿತ್ತು." ಗಪ್ಲೂನ ಮಡಚಿದ ಕಿವಿ ಸವರುತ್ತ ಹೇಳಿತು, "ಅತ್ರ ನಿನಗ ಬ್ಯಾಸರ ಆಗ್ತದಂತ ಅಳಲಿಲ್ಲ."

ಪೀರಮ್ಮ ಡಬ್ಬಿ ಇಳಿಸಿ ಹೊಸ್ತಿಲಲ್ಲೇ ಕೂತಳು. ನಾಚಿಕೆಯಾಯಿತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆ ಎಂದು ತಿಳಿಯಲಿಲ್ಲ. ಬರ್ತೀನಿ ಅಂದಿದ್ದ ಕೂಸಿನ ಬಾಯಲ್ಲಿ ತಾನೇ ಹೋಗಂಗಿಲ್ಲ ಅನ್ನುವ ಮಾತು ತುರುಕಿದ್ದಳು. ಆರು ವರ್ಷದ ಹುಡುಗಿ ಮೂರು ತಿಂಗಳು ಅಳು ನುಂಗಿ ತನ್ನನ್ನು ಸಾಕಿತ್ತು. ಸಾಕಿದವಳು ತಾನೆಂದು ಓಣಿಗೆಲ್ಲ ಹೇಳಿಕೊಂಡು ತಿರುಗಿದ್ದಳಲ್ಲ.

ಗಪ್ಲೂನನ್ನು ಎತ್ತಿಕೊಂಡಳು. ಗುಂಡಿಗಳು ಸಡಿಲವಾಗಿದ್ದವು, ಇಳಿಬಿದ್ದ ಕೆಂಪು ಎಳೆಗೆ ಬೆರಳು ರೂಢಿಯಂತೆ ತಾನಾಗಿಯೇ ಹೋಯಿತು. ಒಮ್ಮೆ ಜಗ್ಗಿದರೆ ಎರಡೂ ಕಣ್ಣು ಕೈಗೆ ಬರುತ್ತಿದ್ದವು. ಗ್ಯಾನಿ ಆ ಬೆರಳನ್ನೇ ನೋಡುತ್ತಿತ್ತು.

"ಸೂಜಿ ಕೊಡಿಲ್ಲಿ," ಅಂದಳು ಪೀರಮ್ಮ.

ಮೇಲಿನದನ್ನು ಮೇಲೆಯೇ ಬಿಟ್ಟಳು, ಕೆಳಗಿನದನ್ನು ಕೆಳಗೇ. ಅದೇ ಕೆಂಪು ದಾರದಲ್ಲಿ ಒಂದೊಂದು ಗುಂಡಿಗೂ ನಾಲ್ಕು ನಾಲ್ಕು ಸಲ ಸೂಜಿ ಹಾಯಿಸಿ, ಹಿಂದಿನಿಂದ ಮೂರು ಗಂಟು ಬಿಗಿದು, ಉಳಿದ ಎಳೆಯನ್ನು ಹಲ್ಲಿನಿಂದ ಕತ್ತರಿಸಿದಳು. ಹಿಡಿದು ಜಗ್ಗಲು ಏನೂ ಉಳಿಯಲಿಲ್ಲ. ಗೊಂಬೆಯನ್ನು ಹುಡುಗಿಯ ಮಡಿಲಿಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಚಪ್ಪಲಿ ಮೆಟ್ಟದೆ ಬಸ್ ಸ್ಟ್ಯಾಂಡಿಗೆ ನಡೆದಳು. ನಡೆದಳು ಅಂದರೆ ಓಡಿದಳು. ತಡೆದು ನಿಂತರೆ ಮನಸ್ಸು ಮತ್ತೆ ತಿರುಗೀತು ಎಂದು ಅವಳಿಗೇ ಭಯವಿತ್ತು.

ಲಿಂಗಸುಗೂರಿನ ಬಸ್ಸು ಹೊರಡುವುದರಲ್ಲಿತ್ತು. ಅಂದು ಪಂಪಣ್ಣನ ಡ್ಯೂಟಿ ಇರಲಿಲ್ಲ. ಬಾಗಿಲಲ್ಲಿ ಗುರುತಿಲ್ಲದ ಕಂಡಕ್ಟರ್ ನಿಂತಿದ್ದ. ಪೀರಮ್ಮ ಕಂಬಿ ಹಿಡಿದುಕೊಂಡಳು.

"ಅಣ್ಣಾರ, ಲಿಂಗಸೂರು ದವಾಖಾನಿ ನರ್ಸು ಅಯ್ಯಮ್ಮಗ ಒಂದು ಮಾತು ಮುಟ್ಟಿಸ್ರಿ. ಗೊಂಬಿ ಮುಗೀತಂತ ಹೇಳ್ರಿ."

"ಅಷ್ಟನ?"

"ಅಷ್ಟ. ಆಕಿಗೆ ತಿಳೀತೈತಿ."

ಅವನು ಟಿಕೆಟ್ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ಯಾರು ಹೇಳ್ಯಾರಂತ ಹೇಳ್ಲಿ?" ಎಂದು ಕೇಳಿದ.

ಪೀರಮ್ಮನ ಬಾಯಿಗೆ ಐದು ವರ್ಷದಿಂದ ರೂಢಿಯಾದ ಮಾತೇ ಬಂತು. ಅದನ್ನು ಅಲ್ಲಿಯೇ ತಡೆದಳು. ಬಸ್ಸು ಅಲುಗಿತು, ಕೈ ಕಂಬಿ ಬಿಟ್ಟಿತು.

"ಆಕಿ ಮಗಳ ಸಣ್ಣವ್ವ ಅಂತ ಹೇಳ್ರಿ," ಅಂದಳು.