ಗುರುಬಸವನ ಕಿವಿ

ಹಡಗಿನಲ್ಲಿ ಗುರುಬಸವನ ಕೆಲಸ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಪ್ರವಾಸಿಗರನ್ನು ಊರೂರು ಸುತ್ತಿಸುವ ದೊಡ್ಡ ಹಡಗು ಅದು. ಅದರ ರಂಗಮಂದಿರದಲ್ಲಿ ಪ್ರೇಕ್ಷಕರ ಬೆನ್ನ ಹಿಂದೆ ಮಿಕ್ಸರ್ ಮುಂದಿಟ್ಟುಕೊಂಡು, ಹಾಡುವವರ ದನಿಯನ್ನೂ ವಾದ್ಯಗಳನ್ನೂ ಹದಮಾಡಿ ಸಭೆಗೆ ಮುಟ್ಟಿಸುವವನು ಅವನು. ಹಾಗೆ ಹದಮಾಡಿದ ದನಿಗಳಲ್ಲಿ ಒಂದು ಶರ್ವಾಣಿಯದು. ಬ್ಯಾಂಕಿನ ವರ್ಗಾವಣೆಯಲ್ಲಿ ಧಾರವಾಡದಿಂದ ಬಂದು ಸಂಭಾಜಿನಗರದಲ್ಲೇ ನೆಲೆನಿಂತ ಅರವಿಂದರಾಯರ ಮಗಳು, ಅದೇ ಹಡಗಿನ ಬ್ಯಾಂಡಿನ ಗಾಯಕಿ. ಒಮ್ಮೆ ಇವನು ಡೆಕ್ಕಿನ ಮೇಲೆ ನಿಂತು ಫೋನಿನಲ್ಲಿ ತಾಯಿಯ ಸಂಗಡ ಬೀದರದ ಕನ್ನಡದಲ್ಲಿ ಜಗಳಾಡುವುದನ್ನು ಕೇಳಿ ಆಕೆ ಬಿದ್ದು ಬಿದ್ದು ನಕ್ಕಿದ್ದಳು. ಅಲ್ಲಿಂದ ಶುರುವಾದ ಗೆಳೆತನ ಮದುವೆಗೆ ಬಂದು ನಿಂತಿತು. ಆಮೇಲೆ ಹಡಗಿನ ಕೆಲಸ ಕೊಡಿಸುವ ಏಜೆನ್ಸಿಯವರು ಇಬ್ಬರನ್ನೂ ಒಂದೇ ಹಡಗಿಗೆ ಕಳಿಸುತ್ತಿದ್ದರು. ರಜೆಗೆ ಬಂದರೆ ನಾಸಿಕದ ಮನೆ, ಮನೆಯಲ್ಲಿ ಗುರುಬಸವನ ತಾಯಿ ಸುಶೀಲಾಬಾಯಿ.

ಈ ಸಲದ ರಜೆಯಲ್ಲಿ ಸಂಭಾಜಿನಗರದ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಶರ್ವಾಣಿಯ ಹಾಡು ಇಟ್ಟುಕೊಂಡರು. ‘ಸೌಂಡಿನ ಚಿಂತಿ ಬಿಡ್ರಿ, ನಮ್ಮ ಅಳಿಯಂದಿರೇ ಇದ್ದಾರ’ ಎಂದು ಅರವಿಂದರಾಯರು ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಮೊದಲ ಹಾಡಿಗೇ ಗುರುಬಸವನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಹೆಂಡತಿಯ ದನಿ ಕಂಬಳಿ ಹೊದ್ದ ಹಾಗೆ ಮಂಕಾಗಿತ್ತು. ಬಾಡಿಗೆಯ ಸ್ಪೀಕರುಗಳ ಹಣೆಬರಹ ಎಂದುಕೊಂಡು ತಾರಕದ ಗುಂಡಿಯನ್ನು ಏರಿಸಿದ. ಇನ್ನಷ್ಟು ಏರಿಸಿದ. ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗಿನಿಂದ ಕಿವಿ ಮುಚ್ಚಿಕೊಂಡಳು. ಆಮೇಲೆ ನೋಡನೋಡುತ್ತಲೇ ಇಡೀ ಸಭಾಗೃಹ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಿತು. ಇವರಿಗೆಲ್ಲ ಏನಾಯಿತೆಂದು ಅವನು ಪಿಳಿಪಿಳಿ ನೋಡುತ್ತಿದ್ದಾಗ ಅರವಿಂದರಾಯರು ಏದುಸಿರು ಬಿಡುತ್ತ ಓಡಿಬಂದರು.

“ಅದನ್ನ ಬಂದ್ ಮಾಡ್ರಿ! ಕಿವಿ ಹರದು ಹೋಗಾಕತ್ತಾವ!”

ಸ್ಪೀಕರುಗಳು ಕೀಂ ಎಂದು ಚೀರುತ್ತಿದ್ದವಂತೆ. ಗುರುಬಸವನಿಗೆ ಆ ಚೀರಾಟದ ಎಳೆಯೂ ಕೇಳಿಸಿರಲಿಲ್ಲ.

ವೇದಿಕೆಯ ಮೇಲೆ ಶರ್ವಾಣಿ ಮೈಕನ್ನು ಬಂದ್ ಮಾಡಿ ಕೆಳಗಿಟ್ಟು, ಬರಿಗೊರಳಿನಲ್ಲಿ ಹಾಡು ಮುಂದುವರಿಸಿದಳು. ಕೊನೆಗೆ ಚಪ್ಪಾಳೆಯೋ ಚಪ್ಪಾಳೆ. ಗುರುಬಸವ ವೈರು ಸುತ್ತುವ ನೆಪದಲ್ಲಿ ತಲೆ ತಗ್ಗಿಸಿಕೊಂಡೇ ಇದ್ದ.

ಮರುದಿನ ಬೆಳಿಗ್ಗೆ ಅತ್ತೆ ಅಂಬುಜಾ ಹೊರಡಿಸಿದ್ದರಿಂದ ಎಲ್ಲರೂ ಹತ್ತಿರದ ವೇರೂಳಿಗೆ ಜ್ಯೋತಿರ್ಲಿಂಗದ ದರ್ಶನಕ್ಕೆ ಹೋದರು. ಹಿರಿಯರು ಸರದಿಯಲ್ಲಿ ನಿಂತರು. ಇವರಿಬ್ಬರು ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಕುಳಿತರು.

“ನಿನಗ ಮೊದಲೇ ಗೊತ್ತಿತ್ತು,” ಅಂದ ಗುರುಬಸವ. “ನಿನ್ನೆ ಎಲ್ಲಾರೂ ಗಾಬರಿ ಆದ್ರು. ನೀ ಆಗಲಿಲ್ಲ.”

ಶರ್ವಾಣಿ ಒಪ್ಪಿಕೊಂಡಳು.

“ಹೋದ ಹಡಗಿನ್ಯಾಗ ಗೊತ್ತಾತ್ರಿ. ನನ್ನ ದನಿ ಚುಚ್ಚತದ ಅಂತ ಪ್ಯಾಸೆಂಜರ್ ಕಂಪ್ಲೇಂಟ್ ಮಾಡಿದ್ರು. ನಿಮ್ಮ ಕಿವಿಗೆ ಬರ್ಲಾರದಂಗ ನೋಡ್ಕೊಂಡೆ. ಜೋಯೆಲ್‌ಗ ಹೇಳಿದ್ದೆ.”

ಜೋಯೆಲ್ ಅವನ ಜೊತೆಯ ತಂತ್ರಜ್ಞ, ಫಿಲಿಪ್ಪೀನ್ಸಿನವನು. ಪ್ರದರ್ಶನ ನಡೆಯುವಾಗ ವೇದಿಕೆಯ ಪಕ್ಕದಲ್ಲಿ, ಮಿಕ್ಸರನ್ನು ದೂರದಿಂದಲೇ ನಡೆಸುವ ಟ್ಯಾಬ್ ಹಿಡಿದು ನಿಂತಿರುತ್ತಿದ್ದ. ಶರ್ವಾಣಿ ಹೇಳಿದ ಮೇಲೆ, ಗುರುಬಸವ ಏರಿಸಿದ್ದನ್ನೆಲ್ಲ ಅಲ್ಲಿಂದಲೇ ಇಳಿಸುತ್ತಿದ್ದ. ಇಷ್ಟು ದಿನ ಕೈಕೆಳಗಿನ ಗುಂಡಿಗಳು ತನ್ನ ಮಾತು ಕೇಳುತ್ತಿವೆಯೆಂದು ಗುರುಬಸವ ನಂಬಿ ಕುಳಿತಿದ್ದ.

“ಹಡಗಿನ ತುಂಬ ನಗ್ತಿದ್ರೇನು?”

“ಯಾರೂ ನಗಲಿಲ್ಲ. ಅವ ಒಬ್ಬನಿಗೇ ಗೊತ್ತು. ನಿಮಗ ಹೇಳಾಕ ನನಗ ಧೈರ್ಯ ಆಗಲಿಲ್ಲ.”

ನಾಸಿಕದ ಡಾಕ್ಟರು ಪರೀಕ್ಷೆ ಮಾಡಿ, ಕಿವಿಯ ನರ ಸವೆದಿದೆ, ಹೋದದ್ದು ಮರಳಿ ಬರುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಿ ಎಂದರು. ಮುಂದಿನ ಹಡಗು ಹತ್ತುವ ಮೊದಲು ಮುಂಬೈಯಲ್ಲಿ ವೈದ್ಯಕೀಯ ತಪಾಸಣೆ ಆಗಲೇಬೇಕು. ಏಜೆನ್ಸಿಯಲ್ಲಿದ್ದ ಪರಿಚಯದ ರೇವಣಪ್ಪ ಫೋನಿನಲ್ಲಿ ದನಿ ತಗ್ಗಿಸಿ, “ಕಿವಿ ಟೆಸ್ಟ್ ಮ್ಯಾನೇಜ್ ಮಾಡೋಣ್ರಿ, ನೀವು ಟೆನ್ಶನ್ ತಗೋಬ್ಯಾಡ್ರಿ” ಅಂದ. ಗುರುಬಸವನಿಗೆ ಹೋದ ಜೀವ ಬಂದಂತಾಯಿತು. ಶರ್ವಾಣಿ ಮಾತ್ರ ಒಪ್ಪಲಿಲ್ಲ.

“ಹಡಗಿಗೆ ಬೆಂಕಿ ಬಿದ್ರ ಮಂದಿನ್ನ ದೋಣಿ ತನಕ ಕರ್ಕೊಂಡು ಹೋಗೋ ಡ್ಯೂಟಿ ನಿಮಗೂ ಅದ. ವಾಕಿಟಾಕಿಯೊಳಗ ಹೇಳಿದ್ದು ತಿಳೀಲಿಲ್ಲ ಅಂದ್ರ ಏನ್ ಮಾಡ್ತೀರಿ?”

“ಹಂಗಾದ್ರ ಹೋದ ಸಲ ಯಾಕ ಬಾಯಿ ಮುಚ್ಕೊಂಡು ಕೂತಿದ್ದಿ? ಆವಾಗ ಬೆಂಕಿ ಬೀಳ್ತಿದ್ದಿಲ್ಲೇನು?”

ಶರ್ವಾಣಿ ಕಣ್ಣು ತುಂಬಿಕೊಂಡು ಒಳಗೆ ಹೋದಳು.

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಸುಶೀಲಾಬಾಯಿ ಹೊರಗೆ ಬಂದರು. “ನೀ ಹೋಗಲ್ಲಂದ್ರ ಸೊಸಿ ಒಬ್ಬಾಕಿ ಹಡಗಿಗಿ ಯಾಕ್ ಹೋಗ್ಬೇಕು? ಇಬ್ರೂ ಇಲ್ಲೇ ಇರ್ರಿ. ಬ್ಯಾಡ ಅಂದುಬಿಡು.”

ಬೇಡ ಅನ್ನುವುದು ಎಷ್ಟು ಸುಲಭ! ನೀವು ಬೇಡ ಅಂದರೆ ಹೋಗುವುದಿಲ್ಲ ಎಂದು ಶರ್ವಾಣಿಯೂ ಹೇಳಿಬಿಟ್ಟಿದ್ದಳು. ಆ ಒಂದು ‘ಬೇಡ’ವನ್ನು ಬಾಯಲ್ಲಿಟ್ಟುಕೊಂಡೇ ಅವನು ವಾರಗಟ್ಟಲೆ ಓಡಾಡಿದ. ಒಂದು ದಿನ ಶರ್ವಾಣಿ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ರಿಯಾಜು ಮಾಡುತ್ತಿದ್ದಳು. ಗುರುಬಸವ ಬಾಗಿಲಿಗೆ ಕಿವಿ ಹಚ್ಚಿ ನಿಂತ. ಮಂದ್ರದ ಸ್ವರಗಳು ಚೆನ್ನಾಗಿ ಕೇಳುತ್ತಿದ್ದವು. ಮೇಲೇರಿದಂತೆ ದನಿ ಸವೆದು ಸವೆದು ಮಾಯವಾಯಿತು. ಒಳಗೆ ಅವಳು ಹಾಡುತ್ತಲೇ ಇದ್ದಾಳೆ ಎಂಬುದು ತಾಯಿ ಅಡುಗೆಮನೆಯಲ್ಲಿ ತಲೆದೂಗುತ್ತಿದ್ದುದರಿಂದ ಗೊತ್ತಾಯಿತು.

ಅಲ್ಲೇ ನಿಂತು ರೇವಣಪ್ಪನಿಗೆ ಫೋನು ಮಾಡಿದ. “ಮ್ಯಾನೇಜ್ ಗೀನೇಜ್ ಏನೂ ಬ್ಯಾಡ್ರಿ. ನಾ ಬರಲ್ಲ. ಅಕಿ ಒಬ್ಬಾಕಿ ಬರ್ತಾಳ.”

ಹೊರಡುವ ಮುನ್ನ ತಂದೆತಾಯಿಯನ್ನು ಕಂಡು ಬರಲು ಶರ್ವಾಣಿ ಸಂಭಾಜಿನಗರಕ್ಕೆ ಹೋದಳು. ಗುರುಬಸವನೂ ಹೋಗಿ, ಮುಂಬೈ ರೈಲಿನಲ್ಲಿ ಅವಳ ಜೊತೆ ಕುಳಿತ. ಮನ್ಮಾಡ್ ದಾಟುವವರೆಗೂ ಇಬ್ಬರೂ ಚಹಾ, ಸಾಮಾನು, ಸೀಟಿನ ಮಾತಲ್ಲದೆ ಬೇರೆ ಆಡಲಿಲ್ಲ. ಹಡಗು ಹತ್ತಲು ಮುಂಬೈಯಲ್ಲಿ ಸೇರುವ ಹಳೆಯ ಜೊತೆಗಾರರ ಮುಖ ನೋಡುವ ಶಕ್ತಿ ಅವನಿಗಿರಲಿಲ್ಲ. ನಾಸಿಕ ರೋಡ್ ನಿಲ್ದಾಣದಲ್ಲೇ ಇಳಿದುಬಿಟ್ಟ.

ಶರ್ವಾಣಿ ಬಾಗಿಲಿಗೆ ಬಂದು ಏನೋ ಅಂದಳು. ಅವನಿಗೆ ತುಟಿ ಮಾತ್ರ ಕಂಡಿತು.

“ಕೇಳಸವಲ್ದು. ಇನ್ನೊಮ್ಮಿ ಹೇಳು!”

ರೈಲು ಅಲುಗಿತು. ಅವಳು ಬೋಗಿಯ ಮಂದಿಯೆಲ್ಲ ತಿರುಗಿ ನೋಡುವಂತೆ ಕೂಗಿದಳು. “ನನ್ನ ಮ್ಯಾಲಿನ ಸಿಟ್ಟು ಹೋತೇನ್ರಿ?”

“ಇನ್ನಾ ಇಲ್ಲ!” ಅವನೂ ಕೂಗಿದ. ರೈಲಿನ ಜೊತೆ ನಾಲ್ಕು ಹೆಜ್ಜೆ ಓಡಿ, “ಮುಟ್ಟಿದ ಕೂಡ್ಲೆ ಫೋನ್ ಮಾಡು!” ಅಂದ.

ಅವಳು ತಲೆಯಾಡಿಸಿದಳು. ರೈಲು ಹೋದ ಮೇಲೆ ಗುರುಬಸವ ಹೊರಗೆ ಬಂದು, ಮನೆಗೆ ಹೋಗುವ ಆಟೋ ಹಿಡಿದ.